ಕಡತದ ಬೆನ್ನು ಹತ್ತಿ ಬೆಂಗಳೂರಿಗೆ

ಕಲಬುರಗಿಯಿಂದ ಬೆಂಗಳೂರಿಗೆ ರೈಲು ಹತ್ತಿದವರು ರಾಯಚೂರು ದಾಟಿದ ಮೇಲೆ ರಾತ್ರಿಯ ಬಹುಭಾಗವನ್ನು ಆಂಧ್ರದಲ್ಲಿ ಕಳೆಯುತ್ತಾರೆ. ಆದೋನಿ, ಗುಂತಕಲ್ಲು, ಅನಂತಪುರ, ಹಿಂದೂಪುರಗಳನ್ನು ನಿದ್ದೆಯಲ್ಲಿಯೇ ಹಾದು ಗೌರಿಬಿದನೂರಿನ ಹೊತ್ತಿಗೆ ಕಣ್ಣು ಬಿಟ್ಟರೆ ಮತ್ತೆ ಕರ್ನಾಟಕ. ನಮ್ಮದೇ ರಾಜಧಾನಿಗೆ ಹೋಗಲು ಇನ್ನೊಂದು ರಾಜ್ಯವನ್ನು ಹಾಯಬೇಕಾಗಿರುವುದು ಯಾರ ಸಂಚೂ ಅಲ್ಲ. 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಈ ಹಳಿಗಳನ್ನು ಮುಂಬಯಿ ಮತ್ತು ಮದ್ರಾಸುಗಳ ಸಲುವಾಗಿ ಹಾಕಿದ್ದರು. ಆಗ ನಮ್ಮ ಸೀಮೆಯ ಮುಖ ಹೈದರಾಬಾದಿನ ಕಡೆಗಿತ್ತು.

2025ರ ನವೆಂಬರಿನಲ್ಲಿ ನಾನು ಹೊರಟದ್ದು ನಮ್ಮೂರ ಪ್ರೌಢಶಾಲೆಯ ಎರಡು ಕೋಣೆಗಳ ಮಂಜೂರಾತಿಯ ಕಡತವನ್ನು ಹುಡುಕಿಕೊಂಡು. ನಿವೃತ್ತ ಮುಖ್ಯೋಪಾಧ್ಯಾಯನಿಗೆ ಇಂಥ ಕೆಲಸ ಹಚ್ಚುವುದು ಊರವರಿಗೆ ಸುಲಭ: ಬಿಡುವಿದೆ, ಬರೆಯಲು ಬರುತ್ತದೆ, ವಯಸ್ಸಿಗೆ ಯಾರಾದರೂ ಕುರ್ಚಿ ಕೊಡುತ್ತಾರೆ ಎಂಬ ಲೆಕ್ಕ. ಕುರ್ಚಿಯನ್ನೇನೋ ಕೊಟ್ಟರು. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಎರಡನೆಯ ನಿಲ್ದಾಣಕ್ಕೆ ಇಳಿದು, ಒಂದು ಇಲಾಖೆಯ ಕಚೇರಿಯಲ್ಲಿ ಮೂರು ಮೇಜುಗಳನ್ನು ಸುತ್ತಿದ ಮೇಲೆ, ಗುಮಾಸ್ತೆ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ನೋಡಿ ಬಹಳ ಸಂಕೋಚದಿಂದಲೇ ಹೇಳಿದರು: “ನಿಮ್ಮ ಕಡತ ಇಲ್ಲಿಲ್ಲ ಸರ್, ಸ್ಪಷ್ಟೀಕರಣ ಕೇಳಿ ಕಲಬುರಗಿಗೇ ವಾಪಸ್ ಹೋಗಿದೆ.” ಅದು ಬಂದದ್ದು, ಹೋದದ್ದು ಎರಡೂ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಮೇಲೆ ಸಿಟ್ಟು ಬರಲಿಲ್ಲ. ಜೋಳ ಬೆಳೆಯುವ ಊರಿನ ಎರಡು ಕೋಣೆಗಳ ಅಳತೆ ಆ ಮೇಜಿನ ಮೇಲೆ ಏಕೆ ತೀರ್ಮಾನವಾಗಬೇಕು ಎಂದು ಆಕೆಯನ್ನು ಕೇಳಿ ಪ್ರಯೋಜನವೇನು?

ಹೊರಗೆ ಬಂದು ವಿಧಾನಸೌಧದ ಎದುರು ನಿಂತೆ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಶಾಲೆಯ ಪ್ರವಾಸಕ್ಕೆಂದು ಮಕ್ಕಳನ್ನು ಕರೆತಂದಾಗಲೆಲ್ಲ ಓದಿಸಿದವನು ನಾನು. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟ ಈ ಸೌಧ ಕೆಂಗಲ್ ಹನುಮಂತಯ್ಯನವರು ಮೈಸೂರು ರಾಜ್ಯಕ್ಕೆಂದು ಕಟ್ಟಿಸಿದ್ದು. ಕಟ್ಟಡ ಮುಗಿದ 1956ರಲ್ಲಿಯೇ, ಅಲ್ಲಿಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಾವೂ ಬಂದು ಸೇರಿದೆವು. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಬಂದ ನೆಂಟರಂತೆ ಎಂದು ನಮ್ಮ ಕಡೆಯ ಹಿರಿಯರು ನಗೆಯಾಡುತ್ತಿದ್ದರು.

ಆ ನಗೆಯನ್ನು ಅಂಕಿಗಳಲ್ಲಿ ಬರೆದವರು, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರು. 2002ರಲ್ಲಿ ಸಲ್ಲಿಕೆಯಾದ ಅವರ ಸಮಿತಿಯ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿ, ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಆ 39ರ ಪಟ್ಟಿಯಲ್ಲಿ ನಮ್ಮ ಭಾಗದವುಗಳದೇ ದೊಡ್ಡ ಪಾಲು ಎಂಬುದನ್ನು ನಾವು ಬಾಯಿಪಾಠ ಒಪ್ಪಿಸುತ್ತೇವೆ; ಬೆಂಗಳೂರಿನ ಮಗ್ಗುಲಲ್ಲಿರುವ ಕನಕಪುರ, ಮಾಗಡಿಗಳೂ ಅಲ್ಲಿದ್ದವು ಎಂಬುದನ್ನು ಹೇಳುವುದಿಲ್ಲ. ಆ ಬಳಿಕ ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರಡಿಯಲ್ಲಿ ಕಲಬುರಗಿಯಲ್ಲಿಯೇ ಅಭಿವೃದ್ಧಿ ಮಂಡಳಿಯೂ ಆಯಿತು. ಇಷ್ಟಾದರೂ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ನಮ್ಮ ಜಿಲ್ಲೆಯದಕ್ಕಿಂತ ಸುಮಾರು ಐದು ಪಟ್ಟು.

ಮಧ್ಯಾಹ್ನ ಅದೇ ಮೆಟ್ರೋ ಹಿಡಿದು ಕಾಡುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ಒಂದು ಘೋಷಣೆ ತಲೆಯಲ್ಲಿ ಸುತ್ತುತ್ತಿತ್ತು. ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲನ್ನು ಹಣಕಾಸು ಆಯೋಗವು 4.713ರಿಂದ ಶೇಕಡಾ 3.647ಕ್ಕೆ ಇಳಿಸಿತೆಂದು 2024ರ ಫೆಬ್ರುವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ದೆಹಲಿಗೆ ಹೋಗಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಧರಣಿ ಕುಳಿತಿತ್ತು. ಅನ್ಯಾಯವಾದದ್ದು ನಿಜ. ಆದರೆ ರಾಜ್ಯದ ಉತ್ಪನ್ನದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಕೊಡುವ ಬೆಂಗಳೂರು ನಾಳೆ ಇದೇ ಮಾತನ್ನು ನಮಗೆ ಹೇಳಿದರೆ ನಾನು ಯಾವ ಬಾಯಿಂದ ಉತ್ತರಿಸಲಿ? ನಮಗೆ ಬೇಕಾದದ್ದು ಹಣ ಮಾತ್ರವೆಂದು ನಾವೇ ಇಷ್ಟು ವರ್ಷ ಹೇಳಿಕೊಂಡು ಬಂದದ್ದು ತಪ್ಪಾಯಿತೇನೋ. ಆ ಎರಡು ಕೋಣೆಗಳಿಗೆ ಹಣದ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ‘ಆಗಲಿ’ ಎನ್ನುವ ಅಧಿಕಾರಕ್ಕೆ.

ಕಾಡುಗೋಡಿಯ ಆಚೆ ಏಳುತ್ತಿರುವ ವಸತಿ ಸಮುಚ್ಚಯವೊಂದರ ಹಿಂದೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯೊಂದಿಗೆ ಇದ್ದಾನೆ. ಪ್ರತಿವರ್ಷ ಗುಳೆ ಬರುವವನಲ್ಲ. ಈ ಸಲದ ಅತಿವೃಷ್ಟಿಯಲ್ಲಿ ತೊಗರಿ ಹೊಲದಲ್ಲಿಯೇ ಕೊಳೆತದ್ದರಿಂದ ಬಂದವನು. ಅವನ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕೊಟ್ಟು, ಮಗುಚಿದ ಬುಟ್ಟಿಯ ಮೇಲೆ ಕುಳಿತೆ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಪಕ್ಕದಲ್ಲಿ ಆಗಲೇ ಜನ ವಾಸಕ್ಕೆ ಬಂದಿರುವ ಬಹುಮಹಡಿ ಕಟ್ಟಡದ ಗೇಟಿನಲ್ಲಿಯೂ ಎರಡು ಟ್ಯಾಂಕರುಗಳು ನಿಂತಿದ್ದವು.

“ನೀರಿನ ಮಟ್ಟಿಗೆ ನಾವೂ ಆ ಮ್ಯಾಲಿನ ಮಾಳಿಗಿ ಮಂದೀನೂ ಒಂದೇ ನೋಡ್ರಿ ಮಾಸ್ತರ್ರೇ,” ಎಂದ ಅವನು. “ನಮಗೂ ಟ್ಯಾಂಕರ್, ಅವರಿಗೂ ಟ್ಯಾಂಕರ್.”

“ಅವರು ಹೋಗಿ ಯಾರನ್ನಾದರೂ ಕೇಳುವುದಿಲ್ಲವೇನು?”

“ಯಾರನ್ನ ಕೇಳ್ತಾರ್ರೀ? ಇಲ್ಲಿ ಮೆಂಬರೇ ಇಲ್ಲಂತ.”

ಅವನ ಮಾತು ಸರಿಯಾಗಿತ್ತು. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆ ನಡೆಯದೆಯೇ ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಮೇಲೆ ಕೂತಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನಮ್ಮಲ್ಲಿಯೂ ಅಷ್ಟೇ: 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲಿ ಮುಗಿದದ್ದು, ನಾನು ಹೋದ ಆ ಹೊತ್ತಿಗೂ ಚುನಾವಣೆ ನಡೆದಿರಲಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಮೊದಲ ಬಾರಿ ಮತ ಹಾಕಿಸುವ ಕೆಲಸದಲ್ಲಿದ್ದ ತರುಣ ಮಾಸ್ತರ ನಾನು. ‘ನೀರ್ ಸಾಬ್’ ಎಂದು ಜನ ಕರೆಯುತ್ತಿದ್ದ ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ರೂಪಿಸಿದ ಆ ವ್ಯವಸ್ಥೆಯಲ್ಲಿ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಶಾಲೆಯ ಕೋಣೆಗಾಗಿ ಯಾರೂ ರಾತ್ರಿಯೆಲ್ಲ ಆಂಧ್ರ ಹಾಯ್ದು ಬರಬೇಕಾಗಿರಲಿಲ್ಲ. ಊರಿನಲ್ಲಿ ‘ಬೆಂಗಳೂರಿನವರು’ ಎಂದು ನಾವು ಬೈಯುವಾಗ ಈ ಟ್ಯಾಂಕರ್ ಕಾಯುವವರನ್ನೂ ಸೇರಿಸಿಯೇ ಬೈಯುತ್ತೇವಲ್ಲ ಎಂದು ಅಲ್ಲಿ ಕುಳಿತು ನನಗೆ ನಾಚಿಕೆಯಾಯಿತು.

ಹೊರಡುವಾಗ ಅವನು ಪ್ಲಾಸ್ಟಿಕ್ ಚೀಲವೊಂದನ್ನು ತಂದ. ಒಳಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳ ಜೆರಾಕ್ಸ್ ಪ್ರತಿಗಳಿದ್ದವು: ಬೆಳೆ ಪರಿಹಾರದ ಅರ್ಜಿ. ಜೇವರ್ಗಿಯ ಕಚೇರಿಯಲ್ಲಿ ಕೊಡಬೇಕಂತೆ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕಂತೆ. ಅದನ್ನು ನನ್ನ ಶಾಲೆಯ ಕಾಗದಗಳ ಜೊತೆಗೇ ಇಟ್ಟುಕೊಂಡು ರಾತ್ರಿಯ ಗಾಡಿಗೆ ಮೆಜೆಸ್ಟಿಕ್ಕಿಗೆ ಬಂದೆ.