ಮೆಜೆಸ್ಟಿಕ್‌ನಲ್ಲಿ ಇಳಿಯುವವರು

ಧಾರವಾಡದಲ್ಲಿ ಪದವಿ ಓದುತ್ತಿರುವ ನನ್ನ ಅಕ್ಕನ ಮಗಳು ಬೆಂಗಳೂರಿನ ಹೆಸರು, ಬಿರುದು ಮತ್ತು ಆಡುಮಾತುಗಳ ಬಗ್ಗೆ ಕಿರುಪ್ರಬಂಧವೊಂದನ್ನು ಬರೆಯಬೇಕಾಗಿತ್ತು. ಗ್ರಂಥಾಲಯಕ್ಕೆ ಕರೆದೊಯ್ಯುವ ಬದಲು ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಬೇಗೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವರನ್ನು ನೆನೆಯುವ ಆ ಕಲ್ಲಿನ ಸವೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದವಳು, ಹಾಗಾದರೆ ಬೆಂದ ಕಾಳಿನ ಕಥೆ ಏನಾಯಿತು ಎಂದು ಕೇಳಿದಳು. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಊರು ಬೆಂದಕಾಳೂರಾಯಿತು ಎಂಬ ಕಥೆ ಶಾಲೆಯಲ್ಲಿ ಕಲಿತ ಎಲ್ಲರಿಗೂ ಗೊತ್ತು. ಆದರೆ ಎರಡನೆಯ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ. ಅವನು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದೆಯೇ ಊರಿಗೆ ಈ ಹೆಸರಿತ್ತು. ಕಥೆ ಸುಳ್ಳೆಂದು ಗೊತ್ತಾದ ಮೇಲೂ ಯಾರೂ ಅದನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಅಲ್ಲಿಂದ ಮಾರ್ಕೆಟ್ ಬಸ್ಸು ಹತ್ತಿದೆವು. ಬೊಮ್ಮನಹಳ್ಳಿಯಲ್ಲಿ ಜನ ತುಂಬಿಕೊಂಡರು. ಇಬ್ಬರ ಸೀಟಿನಲ್ಲಿ ಕುಳಿತಿದ್ದ ನಮ್ಮ ಪಕ್ಕಕ್ಕೆ ಬಂದ ಹೆಂಗಸೊಬ್ಬರು ಕೈಯಲ್ಲಿದ್ದ ಮಗುವನ್ನು ತೋರಿಸಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ” ಎಂದರು. ಒಪ್ಪಿಗೆ ಕೇಳುವ ಮಾತಿನಂತಿದ್ದರೂ ನಾವು ಉತ್ತರಿಸುವ ಮೊದಲೇ ಅವರು ಕುಳಿತಾಗಿತ್ತು. “ನಮ್ಮ ಕಡೆ ‘ಚೂರು ಸರೀರಿ’ ಅಂತಾರ, ಸರಿದರ ಮುಗೀತು. ನಿಮ್ಮೂರಾಗ ಸರಿದ ಮ್ಯಾಲೂ ಅಡ್ಜಸ್ಟ್ ಆಗಬೇಕು” ಎಂದು ಅವಳು ಪಿಸುಗುಟ್ಟಿದಳು. ಅಷ್ಟರಲ್ಲಿ ಕಂಡಕ್ಟರ್ “ಸಿಲ್ಕ್ ಬೋರ್ಡ್” ಎಂದು ಕೂಗಿದ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ ಬಂದ ಆ ಹೆಸರು ಇಂದು ಯಾರಿಗೂ ರೇಷ್ಮೆಯನ್ನು ನೆನಪಿಸುವುದಿಲ್ಲ. ಬೆಂಗಳೂರಿಗರ ಬಾಯಲ್ಲಿ ಅದು ಮುಂದಕ್ಕೆ ಸರಿಯದ ವಾಹನಗಳ ಸಾಲಿಗೆ ಇನ್ನೊಂದು ಹೆಸರಾಗಿದೆ.

ಮಾರ್ಕೆಟ್ ಎಂದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಅದರ ಮಗ್ಗುಲಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಸ್ವರ್ಗಕ್ಕೂ ಅಸೂಯೆ ಹುಟ್ಟಿಸುವ ತಾಣ ಎಂಬರ್ಥದ ಪಾರ್ಸಿ ಬಿರುದು ಅದಕ್ಕಿತ್ತು. ಈ ಊರನ್ನು ಹೊಗಳುವವರಿಗೆ ಸ್ವರ್ಗದ ಹಂಬಲ ಮತ್ತೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ, ‘ನಿವೃತ್ತರ ಸ್ವರ್ಗ’ ಎಂಬ ಬಿರುದಿನ ರೂಪದಲ್ಲಿ. ‘ಉದ್ಯಾನ ನಗರಿ’ಗೆ ಮಾತ್ರ ಗಟ್ಟಿಯಾದ ಆಧಾರವಿದೆ: 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್, 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಮತ್ತು ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಅವರು ಬೀದಿಗಳಿಗೆ ಆರಿಸಿ ನೆಡಿಸಿದ ಸಾಲುಗಳು. ‘ಸಿಲಿಕಾನ್ ಸಿಟಿ’ ತೀರ ಈಚಿನದು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದ ನಂತರದ್ದು. ಪತ್ರಿಕೆಗಳ ತಲೆಬರಹದಲ್ಲಿ, ಅದರಲ್ಲೂ ಮಳೆನೀರು ರಸ್ತೆಗೆ ನುಗ್ಗಿದ ದಿನ, ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ.

ಅವೆನ್ಯೂ ರಸ್ತೆಯಲ್ಲಿ, ಅಂದರೆ ಹಳೆಯ ದೊಡ್ಡಪೇಟೆಯಲ್ಲಿ, ಪುಸ್ತಕದ ರಾಶಿಯ ಮುಂದೆ ನಿಂತಿದ್ದಾಗ ಅವಳ ಪ್ರಬಂಧಕ್ಕೆ ನಾನು ಹೇಳಿಕೊಡಲಾಗದಂಥದ್ದು ತಾನಾಗಿ ಸಿಕ್ಕಿತು. ಕಾಲೇಜು ಹುಡುಗನೊಬ್ಬ ಅರ್ಧ ಬೆಲೆಯ ಪಠ್ಯಪುಸ್ತಕವನ್ನು ತಿರುಗಿಸಿ ನೋಡಿ ಗೆಳೆಯನಿಗೆ, “ಸಖತ್ತಾಗಿದೆ ಮಚ್ಚಾ, ತಗೊ” ಎಂದ. ಅವಳು ಕೂಡಲೇ ನೋಟ್‌ಪುಸ್ತಕ ತೆಗೆದಳು. ಆ ವಾಕ್ಯದ ಮೊದಲ ಮಾತು ಗಟ್ಟಿ, ಬಿರುಸು ಎಂಬರ್ಥದ ಪಾರ್ಸಿ ಪದ. ಕೋಟೆ, ಪೇಟೆಗಳ ಸುತ್ತ ದಖನಿ ಉರ್ದು ಆಡುತ್ತ ಬಂದವರ ಮೂಲಕ ಕನ್ನಡಕ್ಕೆ ಬಂದು ಹೊಗಳಿಕೆಯಾಗಿದೆ. ಎರಡನೆಯದು ಭಾವಮೈದುನನನ್ನು ಕರೆಯುವ ತಮಿಳು ಮಾತು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಪ್ರದೇಶ ಸ್ಥಾಪಿಸಿದಾಗ ಮದರಾಸು ಸೈನ್ಯದ ಬೆನ್ನಿಗೆ ಬಂದು ನೆಲೆಸಿದ ತಮಿಳರ ಬೀದಿಗಳಲ್ಲಿ ಅಂಥ ಮಾತುಗಳು ಬಹುಕಾಲದಿಂದ ಇವೆ. ಪೇಟೆಯೂ ದಂಡೂ ಬಹುಕಾಲ ಬೇರೆ ಬೇರೆ ಆಡಳಿತದಲ್ಲಿದ್ದವು. ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಹುಡುಗರ ಬಾಯಲ್ಲಿ ಅವು ಎಂದು ಕೂಡಿಕೊಂಡವೋ, ಅದಕ್ಕೆ ಯಾವ ಅಧಿಸೂಚನೆಯೂ ಬೇಕಾಗಲಿಲ್ಲ. ದಂಡು ಎಂಬ ಮಾತಂತೂ ಕ್ಯಾಂಟೋನ್ಮೆಂಟ್ ರೈಲು ನಿಲ್ದಾಣದ ಕನ್ನಡ ಫಲಕದಲ್ಲಿ ಇಂದಿಗೂ ಉಳಿದಿದೆ.

ಮಧ್ಯಾಹ್ನ ಚಿಕ್ಕಪೇಟೆ, ಬಳೇಪೇಟೆಗಳನ್ನು ಹಾದು ನಡೆದೇ ಮೆಜೆಸ್ಟಿಕ್ ತಲುಪಿದೆವು. ನನ್ನ ಮಟ್ಟಿಗೆ ಈ ಊರಿನ ಹೆಸರುಗಳ ಗುಟ್ಟೆಲ್ಲ ಅಲ್ಲಿದೆ. ಆ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಎಂಬ ಹಳೆಯ ಕೆರೆಯ ಅಂಗಳದಲ್ಲಿ. ಅದರ ಅಧಿಕೃತ ಹೆಸರು 1537ರಲ್ಲಿ ಪೇಟೆ ಕಟ್ಟಿದ ಕೆಂಪೇಗೌಡರದ್ದು. ಜನ ಕರೆಯುವುದು ಮಾತ್ರ ಹತ್ತಿರದಲ್ಲಿದ್ದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರಿನಿಂದ. ಕೆರೆಯೂ ಇಲ್ಲ, ಚಿತ್ರಮಂದಿರವೂ ಇಲ್ಲ, ಹೆಸರು ಇದೆ. ಇದು ನಾಡಪ್ರಭುವಿಗೆ ಜನ ತೋರುವ ಅಗೌರವವಲ್ಲವೇ ಎಂದು ಅವಳು ಕೇಳಿದಳು. ನನಗೆ ಹಾಗೆನ್ನಿಸುವುದಿಲ್ಲ. ಬಸ್ ನಿಲ್ದಾಣ, ಅದರೆದುರಿನ ರಸ್ತೆ, ಮೆಟ್ರೊ ನಿಲ್ದಾಣ, 2013ರಿಂದ ವಿಮಾನ ನಿಲ್ದಾಣ, ಎಲ್ಲಕ್ಕೂ ಕೆಂಪೇಗೌಡರ ಹೆಸರಿಟ್ಟ ಮೇಲೆ ಆಟೋದವನಿಗೆ ಬರೀ ‘ಕೆಂಪೇಗೌಡ’ ಎಂದರೆ ಅವನು ಎಲ್ಲಿಗೆಂದು ಹೊರಡಬೇಕು? ಜನ ಗೌರವವನ್ನು ಫಲಕಕ್ಕೆ ಬಿಟ್ಟು, ಎಲ್ಲಿ ಇಳಿಯಬೇಕೆಂದು ತಿಳಿಸುವ ಹೆಸರನ್ನು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಬಿರುದುಗಳು ಭಾಷಣದಿಂದ ಬೀದಿಗೆ ಇಳಿಯದೆ ಉಳಿಯುವುದೂ ಇದರಿಂದಲೇ: ‘ಉದ್ಯಾನ ನಗರಿಗೆ ಒಂದು ಟಿಕೆಟ್ ಕೊಡಿ’ ಎಂದು ಯಾರೂ ಕೇಳುವುದಿಲ್ಲ.

ಆಡಳಿತವೂ ಇದನ್ನು ಕೊನೆಗೆ ಒಪ್ಪಿಕೊಂಡಂತಿದೆ. ನೆಲದಡಿಯ ಮೆಟ್ರೊ ನಿಲ್ದಾಣದ ಪೂರ್ಣ ಹೆಸರು ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಅವಳು ಅದನ್ನು ಅಲ್ಪವಿರಾಮದ ಸಮೇತ ಬರೆದುಕೊಂಡು, ಆ ಅಲ್ಪವಿರಾಮದ ಹಿಂದೆ ಎಷ್ಟು ಸಭೆಗಳು ನಡೆದಿರಬಹುದು ಎಂದು ನಕ್ಕಳು.