ಗುಂಡಿ ಬೇಡ! (ಗೌಡಾ ಚೀಸ್, ಆರನೇ ಚಕ್ರ)

ಉಬ್ಬಿಲ್ಲ! ಹತ್ತು ವಾರ ಕಳೆಯಿತು, ನಾನು ಮಾಡಿದ ಗೌಡಾದ (ಡಚ್ಚರ ಚೀಸ್, ಚಕ್ರದ ಆಕಾರದ ಗಡ್ಡೆ) ಆರನೇ ಚಕ್ರ ಇನ್ನೂ ಮಟ್ಟಸವಾಗಿ ಕೂತಿದೆ. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ದಿನಾ ಬೆಳಗ್ಗೆ ತಟ್ಟುತ್ತೇನೆ. ಟೊಳ್ಳು ಸದ್ದಿಲ್ಲ.

ಹಾಲು ಕಾಯಿಸುವುದು, ಹೆಪ್ಪು, ರೆನೆಟ್ (ಹಾಲನ್ನು ಗಡ್ಡೆ ಕಟ್ಟಿಸುವ ಕಿಣ್ವ), ಗಡ್ಡೆ ಕತ್ತರಿಸುವುದು, ಹಾಲೊಡಕು ಬಸಿದು ಬಿಸಿನೀರು ಹಾಕುವುದು, ಇವೆಲ್ಲ ನಿಮಗೆ ಗೊತ್ತು, ಬಿಟ್ಟುಬಿಡುತ್ತೇನೆ. ನನ್ನ ತಲೆ ತಿಂದಿದ್ದು ಮೂರು, ನಾಲ್ಕು, ಐದನೇ ಚಕ್ರಗಳು. ಒಂದೊಂದಕ್ಕೂ 20 ಲೀಟರ್ ಹಾಲು. ಐದು ವಾರ ಚೆನ್ನಾಗಿದ್ದು ಆರನೇ ವಾರ ಪೂರಿಯ ಹಾಗೆ ಊದಿಕೊಂಡವು. ಕೊಯ್ದರೆ ಒಳಗೆ ಬಿರುಕು, ಕಮಟು ಬೆಣ್ಣೆಯ ನಾತ. ಐದನೆಯದನ್ನು ಕೊಯ್ದ ದಿನ ಹೆಂಡತಿ ಮೈನಸ್ ಹತ್ತರ ಚಳಿಯಲ್ಲೂ ಕಿಟಕಿ ತೆಗೆದಳು.

ತಮಾಷೆ ಅಂದರೆ, ಮೊದಲ ಎರಡು ಚಕ್ರ ಚಿನ್ನದಂತೆ ಬಂದಿದ್ದವು. ಅವನ್ನು ಪಕ್ಕದ ಫಾರ್ಮಿನ ಓಪಾ ಜೊತೆ ನಿಂತು ಮಾಡಿದ್ದು. ಓಪಾ ಅಂದರೆ ಡಚ್‌ನಲ್ಲಿ ಅಜ್ಜ. ಕೆನಡಾದಲ್ಲಿ, ನಮ್ಮ ಒಂಟಾರಿಯೋದ ಆಕ್ಸ್‌ಫರ್ಡ್ ಕೌಂಟಿಯ ಈ ರಸ್ತೆಯಲ್ಲಿ ಎಲ್ಲರಿಗೂ ಅವರು ಓಪಾನೇ. ನಾನು 'ಗೌಡಾ' ಅಂದಾಗಲೆಲ್ಲ ಗಂಟಲು ಕೆರೆದು 'ಹೌದಾ' ಅಂತ ತಿದ್ದುತ್ತಿದ್ದರು. ನಾನು 'ಹೌದು' ಅನ್ನುತ್ತಿದ್ದೆ. ಈ ಜೋಕು ಅವರಿಗೆ ಕೊನೆವರೆಗೂ ಅರ್ಥ ಆಗಲಿಲ್ಲ. ಹೋದ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಮೇಲೆ ನಾನೊಬ್ಬನೇ ಮಾಡಿದ ಮೂರೂ ಕೆಟ್ಟವು. ಕೈಗುಣ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ?

ಅವರ ಮಗಳು ನನಗೆ ಓಪಾನ ಚೀಸ್ ನೋಟ್‌ಬುಕ್ ಕೊಟ್ಟಿದ್ದಳು. ಎಲ್ಲ ಡಚ್, ಪೆನ್ಸಿಲ್‌ನಲ್ಲಿ. ಮೊದಲ ಪುಟದಲ್ಲೇ ಎರಡು ಗೆರೆ ಎಳೆದ ಮಾತು: 'ಖೇನ್ ಕೌಲ್'. ಫೋನಿನ ಅನುವಾದ ಹೇಳಿತು: 'ಗುಂಡಿ ಬೇಡ'. ನಾನು ಬುದ್ಧಿವಂತ ನೋಡಿ, ಒತ್ತುವಾಗ ಮೇಲ್ಮೈಯಲ್ಲಿ ಗುಂಡಿ ಬೀಳಬಾರದು ಅಂತ ಅರ್ಥ ಮಾಡಿಕೊಂಡೆ. ಭಾರ ಕಡಿಮೆ ಮಾಡಿದೆ, ಬಟ್ಟೆ ಬದಲಿಸಿದೆ, ಹೊಸ ಅಚ್ಚು ತರಿಸಿದೆ. ರೆನೆಟ್ ಮೇಲೂ ಅನುಮಾನ ಬಂತು, ಯಾಕೆಂದರೆ ಕಳಿಸಿದವರು ಅದನ್ನು ಜನವರಿ ಚಳಿಯಲ್ಲಿ ಬಾಗಿಲ ಮುಂದೆ ಎಸೆದು ಹೋಗಿದ್ದರು, ಬಾಟಲಿ ಕಲ್ಲಾಗಿತ್ತು. ಕೇಳಿದರೆ 'ಏನೂ ಆಗಲ್ಲ' ಅಂದರು. ಇನ್ನು ಗಡ್ಡೆ ಗಟ್ಟಿಯಾಗಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್! ರಸ್ತೆಯ ಮಂಜು ಕರಗಿಸಲು ಮೂಟೆಗಟ್ಟಲೆ ಸುರಿಯುವ ಊರಿನಲ್ಲಿ, ತಿನ್ನುವ ದರ್ಜೆಯದು ಅಂದ ತಕ್ಷಣ ಬೆರಳುದ್ದದ ಬಾಟಲಿಗೆ ಅತ್ತರಿನ ಬೆಲೆ.

ಏಪ್ರಿಲ್‌ನಲ್ಲಿ ಓಪಾನ ಮಗಳಿಗೆ ಆ ಪುಟ ತೋರಿಸಿದೆ. ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ಕೌಲ್ ಅಂದರೆ ಗುಂಡಿ ಹೌದು, ಆದರೆ ರೈತರ ಬಾಯಲ್ಲಿ ಸೈಲೇಜ್ ಕೂಡ! ನಮ್ಮ ಕಡೆ ಹಸಿ ಮೇವನ್ನು ಗುಂಡಿಯಲ್ಲಿ ಮುಚ್ಚಿಡುತ್ತೇವಲ್ಲ, ರಸಮೇವು, ಅದೇ. ರಸಮೇವು ತಿಂದ ಹಸುವಿನ ಹಾಲು ಬೇಡ ಅಂತ ಓಪಾ ಬರೆದಿದ್ದರು. ಸೈಲೇಜ್‌ನಿಂದ ಕ್ಲಾಸ್ಟ್ರಿಡಿಯಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಹಾಲಿಗೆ ಬರುತ್ತದೆ, ಪಾಶ್ಚರೀಕರಣಕ್ಕೆ ಸಾಯುವುದಿಲ್ಲ, ವಾರಗಟ್ಟಲೆ ಸುಮ್ನೆ ಇದ್ದು ಆಮೇಲೆ ಗ್ಯಾಸ್ ಬಿಡುತ್ತದೆ. ನಾನೂ ಓಪಾನೂ ಸೇರಿ ಮಾಡಿದ್ದು ಜುಲೈನಲ್ಲಿ, ಹಸುಗಳು ಹುಲ್ಲುಗಾವಲಿನಲ್ಲಿದ್ದಾಗ. ನಾನೊಬ್ಬನೇ ಮಾಡಿದ್ದು ನವೆಂಬರ್, ಜನವರಿ, ಫೆಬ್ರವರಿ, ಹಸುಗಳು ರಸಮೇವು ತಿನ್ನುವ ಕಾಲ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಮೊಟ್ಟೆಯ ಬಿಳಿಯಿಂದ ತೆಗೆಯುವ ಲೈಸೋಜೈಮ್ ಅನ್ನುವ ಕಿಣ್ವ ಹಾಕಿದರೂ ತಡೆಯಬಹುದು, ಆದರೆ ನಮ್ಮಮ್ಮ ಬಂದಾಗ ತಿನ್ನಬೇಕಲ್ಲ. ಹಾಗಾಗಿ ರಸಮೇವು ತಿನ್ನದ ಹಸುವಿನ ಹಾಲಿಗಾಗಿ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬ 'ಹಾಲು ಅಂದ್ರೆ ಹಾಲು' ಅಂದ. ಕೊನೆಗೆ ಒಣಹುಲ್ಲು, ಹಸಿ ಹುಲ್ಲು ಬಿಟ್ಟು ಬೇರೆ ಮೇವು ಹಾಕದ ಸಣ್ಣ ಡೈರಿಯೊಂದು ಸಿಕ್ಕಿತು. ಗಾಜಿನ ಬಾಟಲಿ, ಡೆಪಾಸಿಟ್ಟೇ ಹಾಲಿಗಿಂತ ಜಾಸ್ತಿ ಅನ್ನಿಸಿತು.

ಹಾಲಿನ ವಿಷಯದಲ್ಲಿ ಓಪಾ ಯಾಕೆ ಅಷ್ಟು ಕಟ್ಟುನಿಟ್ಟು ಅಂತ ಈಗ ಯೋಚಿಸುತ್ತೇನೆ. ನೆದರ್ಲೆಂಡ್ಸ್‌ನ ಗೌಡಾ ಊರಿನ ಹತ್ತಿರವೇ ಅವರಪ್ಪನ ಹಸುಗಳಿದ್ದವು. 1944-45ರ ಹಸಿವಿನ ಚಳಿಗಾಲದಲ್ಲಿ ಪೇಟೆಯ ಜನ ಸೈಕಲ್ ತಳ್ಳಿಕೊಂಡು ಬಂದು, ಹಾಸಿಗೆ ಬಟ್ಟೆ ಕೊಟ್ಟು ಹಾಲು ಕೇಳುತ್ತಿದ್ದರಂತೆ. ಆಗ ಇವರಿಗೆ ಆರು ವರ್ಷ. 1952ರಲ್ಲಿ ಮನೆಮಂದಿಯೆಲ್ಲ ಹಡಗು ಹತ್ತಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿಗೆ ಬಂದರು. ದೇಶದಿಂದ ಹೆಚ್ಚು ದುಡ್ಡು ಒಯ್ಯಲು ಬಿಡುತ್ತಿರಲಿಲ್ಲ, ಅದಕ್ಕೆ ದೊಡ್ಡ ಮರದ ಪೆಟ್ಟಿಗೆಯಲ್ಲಿ ಮಂಚ, ಪಾತ್ರೆ, ಸೈಕಲ್ ತುಂಬಿದರು. ಮೊದಲ ವರ್ಷ ಇಡೀ ಸಂಸಾರ ಬೇರೆಯವರ ಫಾರ್ಮಿನಲ್ಲಿ ದುಡಿಯಿತು. ಭಾನುವಾರ ಚರ್ಚಿನಲ್ಲಿ ಪ್ರವಚನ ಶುರುವಾದರೆ ಸಾಲಿನುದ್ದಕ್ಕೂ ಪೆಪ್ಪರ್‌ಮಿಂಟ್ ಕೈಯಿಂದ ಕೈಗೆ. ಒಮ್ಮೆ ನಾನು ಹೋದಾಗ ನನಗೂ ಸಿಕ್ಕಿತ್ತು, ಕಾಗದ ಬಿಚ್ಚುವ ಸದ್ದಿಗೆ ಓಪಾ ಕಣ್ಣು ಬಿಟ್ಟರು.

ಅಂದಹಾಗೆ ಏಳನೆಯದು ಜೀರಿಗೆ ಚೀಸ್. ಡಚ್ಚರದೇ ಹಳೇ ಪದ್ಧತಿ ಅದು. ಅವರ ಅಂಗಡಿಗಳಲ್ಲಿ ಮೆಂತ್ಯದ ಗೌಡಾನೂ ಸಿಗುತ್ತೆ, ನಂಬಿ! ಆದರೆ ಅದಕ್ಕೆ ಮೊದಲು ಓಪಾನ ಒತ್ತುಯಂತ್ರ ರಿಪೇರಿ ಆಗಬೇಕು. ಹಡಗಿನಲ್ಲಿ ಬಂದ ಆ ಮರದ ಪೆಟ್ಟಿಗೆ ಮೊದಲು ಕೋಳಿಗೂಡಾಗಿ, ಆಮೇಲೆ ಅದರ ಹಲಗೆಯೇ ಈ ಯಂತ್ರದ ತಳವಾಗಿದೆ. ಹಾಲೊಡಕಿನ ಕಲೆಯ ಕೆಳಗೆ ಹ್ಯಾಲಿಫ್ಯಾಕ್ಸ್‌ನ 'ಫ್ಯಾಕ್ಸ್' ಅನ್ನುವಷ್ಟು ಬಣ್ಣ ಇನ್ನೂ ಉಳಿದಿದೆ. ಮರಳು ಕಾಗದ ಕೈಯಲ್ಲಿ ಹಿಡಿದು ಎರಡು ವಾರ ಆಯ್ತು, ಉಜ್ಜಿಲ್ಲ.

ಮುಂದಿನ ತಿಂಗಳು ಓಪಾನ ಹುಟ್ಟುಹಬ್ಬ. ಮಕ್ಕಳು ಮೊಮ್ಮಕ್ಕಳೆಲ್ಲ ಡಚ್ಚರ ರೂಢಿಯಂತೆ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂರುತ್ತಾರೆ. ಆರನೇ ಚಕ್ರವನ್ನು ಅಲ್ಲೇ ಕೊಯ್ಯುವುದು. ಅಲ್ಲಿಯವರೆಗೂ ತಟ್ಟುತ್ತಾ ಇರುತ್ತೇನೆ.