ಎಲೆ ಕಡುಹಸಿರಾದರೆ ಹೂ ಬರಲ್ಲ

ದಾವಣಗೆರೆ ಬಿಸಿಲಿಗೆ ಆರ್ಕಿಡ್ ಬರುತ್ತಾ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು, ಯಾವ ಆರ್ಕಿಡ್ ಅಂತ. ಉಡುಗೊರೆ ಅಂಗಡಿಗಳಲ್ಲಿ ಸಿಗುವ, ಚಿಟ್ಟೆ ಕೂತಂತಿರುವ ಫೆಲನಾಪ್ಸಿಸ್ ಆದರೆ ನಮ್ಮೂರಲ್ಲಿ ಅದರ ಸೇವೆ ಜಾಸ್ತಿ. ಡಿಸೆಂಬರ್, ಜನವರಿಯ ತಂಪು ರಾತ್ರಿಗೆ ಹೂದಂಡೇನೋ ಹೊರಡುತ್ತದೆ. ಮೊಗ್ಗು ದಪ್ಪಗಾಗುವಷ್ಟರಲ್ಲಿ ಮಾರ್ಚ್ ಬಂದಿರುತ್ತೆ. ಒಣಗಾಳಿ ಬಡಿದರೆ ಮೊಗ್ಗು ಹಳದಿಯಾಗಿ ಉದುರುತ್ತವೆ. ಬಯಲುಸೀಮೆಯವರು ಡೆಂಡ್ರೋಬಿಯಂ ಅನ್ನೋ ಆರ್ಕಿಡ್ ಹಿಡಿಯೋದೇ ವಾಸಿ.

ಮಣ್ಣು ಬೇಡವೇ ಬೇಡ. ಕಾಡಿನಲ್ಲಿ ಮರಕ್ಕೆ ಬೇರು ಅಂಟಿಸಿಕೊಂಡು ಬದುಕುವ ಜಾತಿ ಇದು. ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲು, ಇಟ್ಟಿಗೆ ಚೂರು, ಸ್ವಲ್ಪ ತೆಂಗಿನ ಸಿಪ್ಪೆ, ತೂತಿರುವ ಕುಂಡ, ಅಷ್ಟೇ. ಎದುರು ಮನೆ ಅಜ್ಜಿ ನಾನು ನೀರು ಹಾಕುವಾಗೆಲ್ಲ "ಏನವ್ವಾ, ಇದ್ದಿಲು ಚಿಗುರ್ತೇನು?" ಅಂತಾರೆ. ಚಿಗುರಿದೆ ಅಜ್ಜಿ, ಬಂದು ನೋಡ್ರಿ ಅಂದರೆ ಮೆಟ್ಟಿಲು ಹತ್ತಲ್ಲ.

ನೀರು ಯಾವಾಗ ಹಾಕಬೇಕು ಅಂತ ಗಿಡದ ಬೇರು ತಾನೇ ಹೇಳುತ್ತೆ. ಒಣಗಿದಾಗ ಬೆಳ್ಳಿಬೂದಿ ಬಣ್ಣ. ನೀರು ಬಿದ್ದ ಕೆಲವೇ ಕ್ಷಣದಲ್ಲಿ ಕಣ್ಣೆದುರೇ ಹಸಿರಾಗುತ್ತೆ. ಬೂದಿ ಬಣ್ಣಕ್ಕೆ ಬಂದ ಮೇಲೆ ಹಾಕಿ, ಹಸಿರಿದ್ದಾಗ ಕೈಕಟ್ಟಿಕೊಂಡು ಕೂತುಕೊಳ್ಳಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಇದ್ದಿಲ ಮೇಲೆ ಬಿಳಿ ಉಪ್ಪು ಕಟ್ಟುತ್ತೆ. ಅದಕ್ಕೇ ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಕುಂಡದ ಕೆಳಗೆ ಗೋಣಿಚೀಲ ಹಾಸಿ ಒದ್ದೆ ಮಾಡಿಡುತ್ತೇನೆ, ಗಾಳಿಯಲ್ಲಿ ತೇವ ಉಳಿಯಲಿ ಅಂತ.

ಇನ್ನು ಹೂವಿನ ಮಾತು. ಬಂದವರೆಲ್ಲ "ಎಲೆ ಎಷ್ಟು ಹಸಿರಾಗಿದೆ!" ಅಂತ ಹೊಗಳುವ ಗಿಡವೇ ಹೂ ಬಿಡದ ಗಿಡ. ಕಡುಹಸಿರು ಅಂದರೆ ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ಎಲೆ ತುಸು ಹಳದಿಗೆ ತಿರುಗಿದ ತಿಳಿಹಸಿರಾಗಿರಬೇಕು. ಬೆಳಗಿನ ಬಿಸಿಲು ನೇರವಾಗಿ ಬೀಳಲಿ, ಆಮೇಲೆ 50 ಪರ್ಸೆಂಟ್ ಶೇಡ್ ನೆಟ್ ಸಾಕು. ಅಡಿಕೆ ಸಸಿಮಡಿಗೆ ಕಟ್ಟುವ ಅದೇ ಹಸಿರು ಬಲೆ. ಚನ್ನಗಿರಿ ಕಡೆ ತೋಟದವರಿಗೆ ಗೊತ್ತು. ಮಧ್ಯಾಹ್ನ ಎಲೆ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಬಿಸಿಲು ಹೆಚ್ಚಾಯಿತು, ಹಾಗೇ ಬಿಟ್ಟರೆ ಬಿಳಿ ಮಚ್ಚೆ ಬಿದ್ದು ಸುಡುತ್ತೆ.

ಗೊಬ್ಬರ ಆಮೇಲಿನದು. ಚಿಗುರುವಾಗ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19, ಲೀಟರ್ ನೀರಿಗೆ 1 ಗ್ರಾಂ, ವಾರಕ್ಕೊಮ್ಮೆ. ಹೊಸ ಕಾಂಡ ಬಲಿತ ಮೇಲೆ ಸಾರಜನಕ ಇಲ್ಲದ 00:52:34. ನೆರಳಲ್ಲಿಟ್ಟು ದುಬಾರಿ ಟಾನಿಕ್ ಸುರಿಯುವುದು ದುಡ್ಡಿಗೆ ದಂಡ.

ಎಲೆ ಉದುರಿ ಬೋಳಾದ ಹಳೆ ಕಾಂಡ ಕಂಡರೆ ಕತ್ತರಿ ಹುಡುಕಬೇಡಿ. ಗಿಡದ ನೀರು, ಆಹಾರದ ದಾಸ್ತಾನು ಇರುವುದು ಅಲ್ಲೇ, ಒಮ್ಮೊಮ್ಮೆ ಅದರ ತುದಿಯಿಂದಲೇ ಮತ್ತೆ ಹೂ ಬರುತ್ತೆ. ಗಿಣ್ಣಿನಲ್ಲಿ ಹೂವಿನ ಬದಲು ಮರಿ ಹುಟ್ಟಿದರೆ, ಅದರ ಬೇರು ಎರಡು ಇಂಚು ಆಗುವವರೆಗೆ ಬಿಟ್ಟು ಬೇರೆ ಕುಂಡಕ್ಕೆ ಕೂರಿಸಿ.

ಈಗ ನಮ್ಮನೆಯಲ್ಲಿ ಜಗಳ ಬೇರೆ. ಹೂಗೊಂಚಲು ಗಿಡದಲ್ಲೇ ತಿಂಗಳಿಗೂ ಹೆಚ್ಚು ಇರುತ್ತೆ, ಅತ್ತೆಗೆ ಅಷ್ಟು ದಿನ ತಡೆಯಲ್ಲ. "ದೇವರಿಗಿಲ್ಲದ್ದು ಯಾರಿಗವ್ವಾ?" ಅಂತಾರೆ. ಬುಡದ ಹೂ ಮೊದಲು ಅರಳಿ ಮೊದಲು ಬಾಡೋದರಿಂದ, ಕೆಳಗಿನೆರಡು ದೇವರಿಗೆ, ಉಳಿದದ್ದು ಗಿಡಕ್ಕೆ ಅಂತ ಸದ್ಯಕ್ಕೆ ರಾಜಿಯಾಗಿದೆ.